ಪೆಟ್ಟಿಗೆ ಟೆಂಡರಿನ ಕೋದಂಡಪ್ಪ

ಕೋದಂಡಪ್ಪನವರು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಬಂಗಾರಪೇಟೆಯಿಂದ ಗಣಿಯ ಕಡೆ ಹೊರಡುವ ಬೆಳಗಿನ ರೈಲಿನಲ್ಲಿ ಕಾಲಿಡಲೂ ಜಾಗವಿಲ್ಲದೆ ಜನ ಬಾಗಿಲಿಗೆ ಜೋತುಬಿದ್ದಿರುವಾಗಲೂ, ಕಿಟಕಿಯ ಪಕ್ಕದ ಆ ಬೆಂಚಿನಲ್ಲಿ ಅವರೊಬ್ಬರೇ, ಕಪ್ಪು ಕೋಟಿನ ಗುಂಡಿಗಳನ್ನು ಕೊರಳವರೆಗೆ ಬಿಗಿದುಕೊಂಡು, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ರೈಲು ತಮಗಾಗಿಯೇ ಹೊರಟಿದೆಯೆಂಬಂತೆ ಆಸೀನರಾಗಿರುತ್ತಿದ್ದರು. ಆಂಡರ್ಸನ್‌ಪೇಟೆಯ ಶಾಲೆಗೆ ಹೊಸದಾಗಿ ಮೇಷ್ಟರಾಗಿ ಬಂದಿದ್ದ ನಾನು ತಿಳಿಯದೆ ಅವರ ಪಕ್ಕದಲ್ಲಿ ಕೂತೆ. ಇಡೀ ಡಬ್ಬಿ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಕಿಟಕಿಯಾಚೆ ನೋಡಿತು. ಅವರ ಬಲತೋಳಿನ ಅಂಚಿನಲ್ಲಿ ಹನಿಹನಿಯಾಗಿ ಕೆಂಪು ಕಲೆಗಳಿದ್ದವು. ರಕ್ತವೆಂದುಕೊಂಡೆ. ಆಮೇಲೆ ತಿಳಿಯಿತು, ಅದು ಅರಗು, ಲಕೋಟೆಗಳಿಗೆ ಮುದ್ರೆ ಒತ್ತುವ ಅರಗು.

ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ವರ್ಷಗಳು ಅವು. ಕೋದಂಡಪ್ಪನವರು ಅಲ್ಲಿನ ಒಂದು ಸರ್ಕಾರಿ ಉಗ್ರಾಣದಲ್ಲಿ ಖರೀದಿಯ ಸೂಪರಿಂಟೆಂಡೆಂಟರು. ಪೊರಕೆಯಿಂದ ಹಿಡಿದು ಆಸ್ಪತ್ರೆಯ ಮಂಚದವರೆಗೆ ಏನನ್ನು ಕೊಳ್ಳಬೇಕಾದರೂ ಮೊದಲು ಊರಿಗೆಲ್ಲ ಪ್ರಕಟಣೆ, ಆಮೇಲೆ ಮೊಹರು ಹಾಕಿದ ಟೆಂಡರುಗಳು, ಆಮೇಲೆ ಗೊತ್ತಾದ ದಿನ, ಬಂದವರೆಲ್ಲರ ಎದುರಿಗೆ, ಬಾಗಿಲು ಕಿಟಕಿಗಳನ್ನು ಹಾರುಹೊಡೆದು, ಒಂದೊಂದೇ ಲಕೋಟೆಯನ್ನು ಎತ್ತಿಹಿಡಿದು ಅವರು ಕೇಳುತ್ತಿದ್ದ ಪ್ರಶ್ನೆ: "ಎಲ್ಲಾರ್ಗೂ ಕಾಣ್ತದಾ?" ಕಾಣುತ್ತದೆ ಎಂದು ಕೊನೆಯ ಸಾಲಿನವನು ಹೇಳುವ ತನಕ ಮೊಹರು ಒಡೆಯುತ್ತಿರಲಿಲ್ಲ. ಈ ಮಾತು ಅವರ ನಾಲಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಳ್ಳುವಾಗಲೂ ತಕ್ಕಡಿ ಮೇಲೆತ್ತಿಸಿ ಅಕ್ಕಪಕ್ಕದ ಗಿರಾಕಿಗಳನ್ನು ಕೇಳುತ್ತಿದ್ದರು. ಮನೆಯಲ್ಲಿ ಚಳಿಗಾಲದಲ್ಲೂ ಬೀದಿಬಾಗಿಲು ಮುಚ್ಚಗೊಡುತ್ತಿರಲಿಲ್ಲವಂತೆ. ಅವರ ಹೆಂಡತಿ ಗಂಗರತ್ನಮ್ಮನವರು ಕಂಬಳಿ ಹೊದ್ದು ಅಡುಗೆ ಮಾಡುತ್ತಿದ್ದರೆಂದು ಬಂಗಾರಪೇಟೆಯವರು ನಗುತ್ತಿದ್ದರು. ಇಂಥ ಮನುಷ್ಯನೊಡನೆ ಸಂಸಾರ ಮಾಡುವುದು ಸುಲಭವಲ್ಲ. ಸಹಪ್ರಯಾಣವೂ ಸುಲಭವಿರಲಿಲ್ಲ, ಆ ಮಾತು ಬೇರೆ.

ಆದರೆ ಬೆಂಚು ಖಾಲಿಯಿರುತ್ತಿದ್ದುದು ಈ ಚಾಳಿಗಲ್ಲ. ಗಣಿಯೊಳಗೆ ಸತ್ತವರನ್ನು, ಯಾವ ಜಾತಿ ಮತದವರೇ ಆಗಿರಲಿ, ಮರದ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಲುಪಿಸುವುದು ಅಲ್ಲಿಯ ಪದ್ಧತಿ. ಆ ಪೆಟ್ಟಿಗೆಗಳೂ ಟೆಂಡರಿನಿಂದಲೇ ಬರಬೇಕು. ಮುಂದಿನ ವರ್ಷಕ್ಕೆ ಎಷ್ಟು ಬೇಕಾದೀತೆಂದು ಮೊದಲೇ ಅಂದಾಜು ಮಾಡಿ ಪ್ರಕಟಣೆಯಲ್ಲಿ ಬರೆಯದಿದ್ದರೆ ಮಂಜೂರಾತಿಯಿಲ್ಲ. ಹೀಗಾಗಿ ಪ್ರತಿವರ್ಷ ಕೋದಂಡಪ್ಪನವರು ಕಳೆದ ವರ್ಷಗಳ ಸರಾಸರಿ ತೆಗೆದು ಒಂದು ಸಂಖ್ಯೆ ಬರೆದು, ಕೆಳಗೆ ರುಜು ಹಾಕಿ, ಉಗ್ರಾಣದ ಹೊರಗೋಡೆಯ ಮೇಲೆ ಅಂಟಿಸುತ್ತಿದ್ದರು. ಒಳಗೆ ಬಂಡೆ ಸಿಡಿದರೆ ಮೇಲಿನ ಅಡುಗೆಮನೆಗಳಲ್ಲಿ ಪಾತ್ರೆ ಅದುರುವ ಊರು ಅದು. ಗಣಿಯಾಳುಗಳ ಲೈನ್ ಮನೆಗಳ ಹೆಂಗಸರು ಆ ಗೋಡೆಯ ಮುಂದೆ ಗುಂಪುಗೂಡಿ, ಓದಬಲ್ಲವರಿಂದ ಸಂಖ್ಯೆಯನ್ನು ಓದಿಸಿಕೊಂಡು ಮನೆಗೆ ಹೋಗುತ್ತಿದ್ದರು. ವರ್ಷ ಮುಗಿಯುವಷ್ಟರಲ್ಲಿ ಪೆಟ್ಟಿಗೆಗಳೂ ಮುಗಿಯುತ್ತಿದ್ದವು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ ಎಂದು ಜನ ಆಣೆಯಿಟ್ಟು ಹೇಳುತ್ತಿದ್ದರು. ಆ ಸಂಖ್ಯೆಯನ್ನು ಇಲ್ಲಿ ಬರೆಯಲು ಈಗಲೂ ನನಗೆ ಮನಸ್ಸಿಲ್ಲ.

ಮೇಲಧಿಕಾರಿಯೊಬ್ಬರು ಕನಿಕರದಿಂದಲೇ ಸಲಹೆ ಕೊಟ್ಟಿದ್ದರಂತೆ: ಈ ಒಂದು ಸಾಮಾನಿಗೆ ಟೆಂಡರ್ ಬೇಡ, ಬಡಗಿ ಪೆರುಮಾಳನ ಹತ್ತಿರ ಸದ್ದಿಲ್ಲದೆ ತರಿಸಿಬಿಡಿ, ಜನಕ್ಕೂ ನೆಮ್ಮದಿ. ಅದಕ್ಕೆ ಕೋದಂಡಪ್ಪನವರು ಕೊಟ್ಟ ಉತ್ತರವನ್ನು ರೈಲಿನಲ್ಲಿ ನನಗೆ ಹೇಳಿದ್ದರು: "ಸದ್ದಿಲ್ದೆ ಕೊಂಡ್ರೆ ಬೆಲೆ ಎಷ್ಟು ಅಂತ ಯಾರು ಕೇಳ್ತಾರೆ, ಸ್ವಾಮಿ? ಪೆಟ್ಟಿಗೆ ಎಷ್ಟು ಅಂತ ಯಾರು ಕೇಳ್ತಾರೆ? ಕೇಳೋರೇ ಇಲ್ದಿದ್ರೆ ಒಳಕ್ಕಿಳಿಯೋರ ಗತಿ ಏನು?"

ಒಂದು ವರ್ಷ, ಮಾರ್ಚ್ ಮುಗಿಯುತ್ತ ಬಂದಿತ್ತು, ಉಗ್ರಾಣದಲ್ಲಿ ಒಂದು ಪೆಟ್ಟಿಗೆ ಉಳಿದಿತ್ತು. ಉಳಿದಿದೆ ಎಂದು ಯಾರೂ ಸಂತೋಷಪಡಲಿಲ್ಲ. ಅದು ಯಾರದು ಎಂಬುದೊಂದೇ ಊರಿನ ಪ್ರಶ್ನೆ. ಉಗ್ರಾಣದ ಕಸ ಗುಡಿಸುತ್ತಿದ್ದ ಮಾರಿಯಮ್ಮನಿಗೆ ಉತ್ತರ ಗೊತ್ತಿತ್ತು. ಅವಳ ಗಂಡ ಆರುಮುಗಂ ಲೈನಿನಲ್ಲೇ ಎತ್ತರದ ಆಳು, ಬಾಗದೆ ಯಾವ ಬಾಗಿಲನ್ನೂ ದಾಟಲಾರ. ಆ ವಾರ ಅವನಿಗೆ ಗಣಿಯ ತೀರ ಕೆಳಗಿನ ಮಟ್ಟದಲ್ಲಿ ಪಾಳಿ. ನಾನು ನಮ್ಮ ಶಾಲೆಯ ಬೆಂಚುಗಳ ಯಾವುದೋ ವಿಚಾರಕ್ಕೆ ಕೋದಂಡಪ್ಪನವರ ಕೋಣೆಯಲ್ಲಿದ್ದಾಗ ಅವಳು ಬಂದು ಹೊಸ್ತಿಲಲ್ಲಿ ಕೂತಳು.

"ಸಾಮೀ, ಅದು ನಮ್ಮನೆಯೋರ ಉದ್ದ ಐತೆ. ಬಂದಾಗ ಇಷ್ಟಿರ್ಲಿಲ್ಲ. ದಿನಾ ಗುಡಿಸೋಳು ನಾನು, ನಂಗೊತ್ತಿಲ್ವಾ? ಬೆಳ್ದೈತೆ ಸಾಮಿ."

"ಕಡಿದ ಮರ ಬೆಳೆಯಲ್ಲಮ್ಮ."

"ಇದು ಬೆಳ್ದೈತೆ. ಅವ್ರು ಕೆಲಸಕ್ಕೋಗ್ದಿದ್ರೆ ಕೂಲಿ ಇಲ್ಲ, ಹೋದ್ರೆ ಇದೈತೆ. ನಾನೇನ್ ಮಾಡ್ಲಿ, ನೀವೇ ಯೋಳಿ."

ಕೋದಂಡಪ್ಪನವರು ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಮಾರನೆಯ ಬೆಳಗ್ಗೆ ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿದರು. ಖಾಲಿ ಪೆಟ್ಟಿಗೆ, ಹೊತ್ತ ನಾಲ್ವರೂ ಅರ್ಧದಾರಿಯಲ್ಲಿ ಇಳಿಸಿ ಬೆವರು ಒರೆಸಿಕೊಂಡರು. ಆ ವರ್ಷದ ಟೆಂಡರು ಹಿಡಿದಿದ್ದ ಬಡಗಿ ಪೆರುಮಾಳನನ್ನು ಕರೆಸಿದ್ದರು. ಲೈನಿನ ಹೆಂಗಸರು ಬೇಲಿಗೆ ಒತ್ತಿ ನಿಂತಿದ್ದರು. ಕೋದಂಡಪ್ಪನವರು ಜೇಬಿನಿಂದ ಬಟ್ಟೆಯ ಟೇಪು ತೆಗೆದು, ಒಂದು ತುದಿಯನ್ನು ಹೆಬ್ಬೆರಳಿನಡಿ ಒತ್ತಿ, ಇನ್ನೊಂದು ತುದಿಯತ್ತ ಎಳೆದು, ಅಲ್ಲಿ ಬಿದ್ದ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು: "ಎಲ್ಲಾರ್ಗೂ ಕಾಣ್ತದಾ?"

ಕಂಡಿತು. ಟೆಂಡರಿನ ಅಳತೆಗಿಂತ ಒಂದು ಗೇಣು ಹೆಚ್ಚು. ಹೆಂಗಸರ ಗುಂಪಿನಿಂದ ಉಸಿರೆಳೆದ ಸದ್ದು ಒಮ್ಮೆಗೇ ಬಂತು. ಪೆರುಮಾಳನ ಮುಖ ಬಿಳಿಚಿಕೊಂಡಿತು. "ಮುರುಗನಾಣೆ ಸಾಮಿ, ನಾನು ಅಳತೆಗೇ ಮಾಡಿದ್ದು," ಎಂದ. ಅಳತೆಗೆ ಹೊಂದದ ಸಾಮಾನು ತಿರಸ್ಕೃತ ಎಂದು ಕೋದಂಡಪ್ಪನವರು ಘೋಷಿಸಿದರು. ಒಯ್ಯಲು ಹೇಳಿದರೆ ಪೆರುಮಾಳ ಕೈ ಹಿಂದಕ್ಕೆ ಕಟ್ಟಿಕೊಂಡ. ಬೇಡವೆಂದು ಅವನಿಂದ ಬರೆಸಿಕೊಂಡು, ಅಲ್ಲೇ ಬಹಿರಂಗ ಹರಾಜು ಕೂಗಿದರು. ಯಾರೂ ಸವಾಲು ಕೂಗಲಿಲ್ಲ. ಆಗ ಮಾರಿಯಮ್ಮ ಸೆರಗಿನ ಗಂಟು ಬಿಚ್ಚಿ ಒಂದು ನಾಲ್ಕಾಣೆ ಎತ್ತಿಹಿಡಿದಳು. ಎಲ್ಲರೂ ನೋಡುತ್ತಿರುವಂತೆಯೇ ಕೊಡಲಿ ಇಸಿದುಕೊಂಡು, ಪೆಟ್ಟಿಗೆಯನ್ನು ಸೀಳಿ ಸೌದೆ ಮಾಡಿ, ತಲೆಯ ಮೇಲೆ ಹೊತ್ತು ಮನೆಗೆ ನಡೆದಳು.

ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ನೆಲ ನಡುಗಿತು. ಕಪ್ಪುಹಲಗೆ ಗೋಡೆಗೆ ಬಡಿಯಿತು, ಮಕ್ಕಳು ಎದ್ದು ನಿಂತರು, ಸೈರನ್ ಕೂಗಿತು. ಊರಿನವರೆಲ್ಲ ಓಡಿದ ಕಡೆ ನಾನೂ ಓಡಿದೆ. ಗಣಿಯ ಗೇಟಿನ ಮುಂದೆ ಕೋದಂಡಪ್ಪನವರು ಕೊಡೆಯೂ ಇಲ್ಲದೆ ಬರಿತಲೆಯಲ್ಲಿ ನಿಂತಿದ್ದರು. ಗಣಿಯಾಳುಗಳನ್ನು ಇಳಿಸಿ ಏರಿಸುವ ತೊಟ್ಟಿಲು ಮತ್ತೆ ಮತ್ತೆ ಮೇಲೆ ಬಂದು ಜನರನ್ನು ಇಳಿಸಿತು. ಕಟ್ಟಕಡೆಗೆ, ಮೈಯೆಲ್ಲ ಬೂದಿಬಣ್ಣದ ಧೂಳು ಮೆತ್ತಿಕೊಂಡು, ಗೇಟಿನ ಕಂಬಿಗೆ ತಲೆ ತಗುಲದಂತೆ ಬಾಗಿಕೊಂಡು, ಆರುಮುಗಂ ಹೊರಗೆ ಬಂದ. ಆ ದಿನ ಒಬ್ಬರೂ ಸಾಯಲಿಲ್ಲ. ಮಾರಿಯಮ್ಮ ಅವನನ್ನು ಕೈಹಿಡಿದು ಕರೆದೊಯ್ದು, ಆ ಸೌದೆಯಲ್ಲಿ ಕಾಯಿಸಿದ್ದ ನೀರು ಹುಯ್ದಳು.

ಮರುದಿನ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. "ಪೆಟ್ಟಿಗೆ ನಿಜವಾಗಿ ಬೆಳೆದಿತ್ತೇ?" ಎಂದು ಕೇಳಿದೆ. ಕೋದಂಡಪ್ಪನವರು ಟೇಪನ್ನು ತೆಗೆದು ನನ್ನ ಕೈಗಿಟ್ಟರು. ಅದರ ಮೊದಲ ಗೇಣನ್ನು ಕತ್ತರಿಸಲಾಗಿತ್ತು.

"ಅಂಕಿ ಎಲ್ಲಾರ್ಗೂ ಕಾಣಿಸ್ತು ಮೇಷ್ಟ್ರೇ. ಟೇಪನ್ನ ಯಾರೂ ನೋಡ್ಲಿಲ್ಲ."

ಚಿನ್ನ ತೆಗೆದುಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಕಿಟಕಿಯಾಚೆ ಬೆಳ್ಳಗೆ ಸರಿದುಹೋದವು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ಜನ ಬರೋಕೆ ಮುಂಚೆ ಸರಿಯಾದ ಟೇಪಲ್ಲಿ ಅಳೆದಿದ್ದೆ. ಅಳತೆಗೆ ಸರಿಯಾಗೇ ಇತ್ತು. ಹಂಗೇ ಬಿಟ್ಟುಬಿಡೋಣ ಅಂದ್ಕೊಂಡು, ಮುಚ್ಚಳ ತೆಗ್ದು ಒಳಗೆ ಕೈಯಿಟ್ಟೆ. ಹಲಗೆ ಬೆಚ್ಚಗಿತ್ತು. ಯಾರೋ ಈಗ ತಾನೆ ಎದ್ದೋದಂಗೆ."

ಅಂದಿನಿಂದ ಅವರ ಬಾಯಲ್ಲಿ "ಎಲ್ಲಾರ್ಗೂ ಕಾಣ್ತದಾ?" ಎಂಬ ಮಾತು ಬರಲಿಲ್ಲ. ಲಕೋಟೆಯನ್ನು ಎತ್ತಿಹಿಡಿಯುತ್ತಿದ್ದರು, ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಅವಧಿಗೆ ಮುಂಚೆಯೇ ನಿವೃತ್ತಿ ಬೇಡಿ ಬೂದಿಕೋಟೆಯ ತಮ್ಮ ಹೊಲಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಸಮಾಧಾನದ ಮನುಷ್ಯರು. ಪೆಟ್ಟಿಗೆಗಳನ್ನು ಸದ್ದಿಲ್ಲದೆ ತರಿಸಿದರು. ಹೊರಗೋಡೆ ಖಾಲಿಯಾಯಿತು, ಹೆಂಗಸರು ಗುಂಪುಗೂಡುವುದು ನಿಂತಿತು, ರೈಲಿನ ಆ ಬೆಂಚು ತುಂಬಿಕೊಂಡಿತು. ಸಾವು ಕಮ್ಮಿಯಾಯಿತೇ, ಬೆಲೆ ಏರಿತೇ ಎಂದು ಕೇಳಿದರೆ ಹೇಳುವವರಿರಲಿಲ್ಲ.

ನಮ್ಮ ಹೆಸರಿನಲ್ಲಿ ನಡೆಯುವ ವ್ಯವಹಾರವನ್ನು ನಮ್ಮ ಕಣ್ಣೆದುರಿಗೇ ಹಿಡಿಯುವ ಇಂಥವರನ್ನು ನಾವು ಪ್ರೀತಿಸಲಾರೆವು. ಅವರು ತೋರಿಸಿದ್ದನ್ನು ಅವರೇ ತಂದರೆಂದು ಭಾವಿಸಿ ದೂರ ಸರಿದು ಕೂರುತ್ತೇವೆ. ಜೀವಮಾನವೆಲ್ಲ ಬಾಗಿಲು ತೆರೆದಿಟ್ಟು ಬದುಕಿದ ಅವರಿಗೆ ಒಂದೇ ಒಂದು ಸಲ ಮುಚ್ಚಿಡುವ ಕೆಲಸ ಬೀಳುತ್ತದೆ, ಅದೂ ನಮಗಾಗಿ. ಆ ಒಂದು ಗೇಣಿನ ಭಾರವನ್ನು ಅವರು ಒಬ್ಬರೇ ಹೊರುತ್ತಾರೆ. ಒಮ್ಮೆ ಬೂದಿಕೋಟೆಗೆ ಹೋಗಿ ಕೋದಂಡಪ್ಪನವರನ್ನು ನೋಡಿ ಬಂದೆ. ನಡುಹಗಲು, ಸೆಕೆ, ಅವರ ಮನೆಯ ಬೀದಿಬಾಗಿಲು ಮುಚ್ಚಿತ್ತು.