ನಕ್ಷತ್ರವಿಲ್ಲದ ಕುರಿ

ಆ ಮನೆಯಲ್ಲಿ ಒಂದು ಕೋಳಿಯನ್ನೂ ಸಾಕಿದವರಿಲ್ಲ. ಮಾತು ಮಾತ್ರ ಮೂರು ಹೊತ್ತೂ ಕುರಿ, ಹಂದಿ, ಹೋರಿಗಳದ್ದೇ. ಇಟಲಿಯ ಸತ್ತ ಭಾಷೆಗಳನ್ನು ಒಂದರ ಪಕ್ಕ ಒಂದಿಟ್ಟು, ಅವುಗಳ ಅಜ್ಜಿಭಾಷೆಯಲ್ಲಿ ಈ ಪ್ರಾಣಿಗಳನ್ನು ಏನೆಂದು ಕರೆದಿರಬಹುದೆಂದು ಊಹಿಸುವುದು ಮಾವನ ಕಸುಬು. ಕಣ್ಣು ಮಂಜಾದ ಮೇಲೆ ಅವರ ನಿಘಂಟು ಸೊಸೆಯ ಕೈಗೆ ಬಂದಿತ್ತು. ಕಲ್ಲಿನ ಮೇಲೋ ತಗಡಿನ ಮೇಲೋ ಕಂಡ ಪದವನ್ನು ಹಾಗೇ ಬರೆಯಬೇಕು. ಊಹಿಸಿದ್ದರ ಮುಂದೆ ಒಂದು ನಕ್ಷತ್ರ ಹಾಕಬೇಕು. ಇದನ್ನು ಯಾರೂ ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಗುರುತು ಅದು. ಸೊಸೆಯಾಗಿ ಬಂದ ಹೊಸದರಲ್ಲಿ ಮಾವ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು.

ಅಚ್ಚಾಗಿ ಬಂದ ಪುಸ್ತಕದಲ್ಲಿ, ಇನ್ನೂ ಈಯದ ಕುರಿಯ ಪದದ ಮುಂದೆ ನಕ್ಷತ್ರವಿರಲಿಲ್ಲ. ಕರಡು ತಿದ್ದುವಾಗ ಅವಳೇ ಕಣ್ತಪ್ಪಿ ಬಿಟ್ಟಿದ್ದಳು.

ಮಾವ ಭೂತಗನ್ನಡಿಯಲ್ಲಿ ಆ ಸಾಲು ನೋಡಿದರು. "ಸಿಕ್ತೇನಮ್ಮ? ಕಲ್ಲಲ್ಲೇ ಸಿಕ್ತಾ?"

ಆ ಪದ ಅವರ ಜೀವಮಾನದ ಹಟ. ಎಲ್ಲದಕ್ಕೂ ಕೊಕ್ಕೆ ಹಾಕಿ 'ಕೊಕ್ಕೆ' ಎಂದೇ ಹೆಸರಾದ ಹಳೆಯ ಸಹೋದ್ಯೋಗಿ, ಅಂಥ ಪದವೇ ಇರಲಿಲ್ಲವೆಂದು ಸಭೆ ಸಭೆಯಲ್ಲೂ ಅವರ ಮಾನ ಹರಾಜು ಹಾಕಿದ್ದರು. ಮಾವನ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡೇ ಇರಲಿಲ್ಲ.

"ಹೂಂ ಮಾವ" ಎಂದುಬಿಟ್ಟಳು. ಸಂಜೆ ನಿಜ ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಮಾವ ಕೊಕ್ಕೆಯವರಿಗೆ ಫೋನ್ ಮಾಡಿಯಾಗಿತ್ತು.

ಮರುದಿನ ಕೊಕ್ಕೆ ಮನೆಗೇ ಬಂದರು. "ನನ್ನದೇ ತಪ್ಪಪ್ಪ" ಎಂದು ಮಾವನ ಕೈ ಹಿಡಿದರು. ಆಮೇಲೆ ಅವಳತ್ತ ತಿರುಗಿ, "ಯಾವ ಕಲ್ಲಮ್ಮ? ಫೋಟೋ ತೋರಿಸು" ಎಂದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅವಳ ಕೈಯ ತಟ್ಟೆಯಲ್ಲಿ ಚಹಾದ ಕಪ್ಪುಗಳು ಕಟಕಟ ಅಂದವು. ಮಾವನಿಗೆ ಕಣ್ಣು ಮಂಜು, ಕಿವಿ ಚುರುಕು.

"ಕಲ್ಲೂ ಇಲ್ಲ ಗಿಲ್ಲೂ ಇಲ್ಲ" ಎಂದು ಅವರು ನಕ್ಕರು. "ನಕ್ಷತ್ರ ತೆಗಿ ಅಂತ ನಾನೇ ಹೇಳಿದ್ದು. ಸಾಯೋ ಮುಂಚೆ ನೀನು ತಪ್ಪು ಒಪ್ಪೋದನ್ನ ಒಂದ್ಸಲ ಕೇಳ್ಬೇಕಿತ್ತು."

"ಛೀ, ಇಷ್ಟು ಕೆಳಗೆ ಇಳೀತೀಯ ಅಂದ್ಕೊಂಡಿರಲಿಲ್ಲ." ಕೊಕ್ಕೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ತಪ್ಪು ನನ್ನದು ಎಂದು ಅವಳು ಹೇಳಬೇಕಿತ್ತು. ಬಾಗಿಲು ಮುಚ್ಚುವವರೆಗೂ ನಾಲಿಗೆ ಏಳಲಿಲ್ಲ. ಆಡಿದ ಸುಳ್ಳಿಗಿಂತ ಈ ಮೌನಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಮಾವ ಬೈಯಲಿಲ್ಲ. ಪುಸ್ತಕವನ್ನೂ ಪೆನ್ನನ್ನೂ ಅವಳತ್ತ ತಳ್ಳಿ, "ಹಾಕಮ್ಮ" ಎಂದರು.

ಅವಳು ನಕ್ಷತ್ರ ಬರೆದಳು. "ಹಾಕಿದೆ ಮಾವ."

ಇಷ್ಟು ವರ್ಷ ಅವಳು ಹೇಳಿದ್ದನ್ನು ಮರುಮಾತಿಲ್ಲದೆ ನಂಬಿದ್ದವರು, ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡು, ಭೂತಗನ್ನಡಿ ಹಿಡಿದು ತಾವೇ ನೋಡಿದರು.