ಕೋಟೆ ಮುಟ್ಟುವವರೆಗೆ

“ಮಸಿ ಕಮ್ಮಿಯಾಯ್ತು ಕಣೇ. ಇನ್ನಷ್ಟು ಮೆತ್ತು. ಹಿಂಗೆ ಬೆಳ್ಳಗೆ ಕಂಡ್ರೆ ಇವ್ನನ್ನ ಕಾಡ್ನೋನು ಅಂತ ಯಾವ ಬಡ್ಡಿಮಗ ನಂಬ್ತಾನೆ?”

ರೆಸಾರ್ಟಿನ ಮ್ಯಾನೇಜರ್ ಕಿರಣ್‌ಕುಮಾರ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಹೇಳಿದ. ಚಿಕ್ಕಸಿದ್ದಮ್ಮ ತಲೆಯೆತ್ತಲಿಲ್ಲ. ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಗಂಡನ ಕೆನ್ನೆಗೆ, ಕತ್ತಿಗೆ, ಕೈಗಳಿಗೆ ಹಚ್ಚುತ್ತಿದ್ದಳು. ಬೊಮ್ಮ ಅವಳದೇ ಹಳೆಯ ಸೀರೆಯನ್ನು ಮೊಣಕಾಲಿಗೆತ್ತಿ ಉಟ್ಟು, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

“ನಾ ಹುಟ್ಟಿದ್ದೇ ಕಪ್ಪಗೆ ಸಾರ್. ಅದ್ರ ಮ್ಯಾಲೂ ಬಳ್ದು ಬಳ್ದು ಈಗ ನಮ್ಮವ್ವಂಗೇ ಗುರ್ತು ಸಿಗಾಕಿಲ್ಲ.”

“ಆ ಬಾಯ್ನ ಗೆಸ್ಟ್ ಮುಂದೆ ಬುಡು. ನನ್ ಮುಂದಲ್ಲ.”

ಹಿನ್ನೀರಿನ ದಡದ ಆ ರೆಸಾರ್ಟಿನಲ್ಲಿ ಬೇಸಿಗೆಗೆ ಸಫಾರಿ, ಮಳೆ ನಿಂತ ಮೇಲೆ ತೆಪ್ಪ, ಚಳಿಗೆ ಬಯಲಲ್ಲಿ ಬೆಂಕಿ. ಬೈಗುಳ ಮಾತ್ರ ಹನ್ನೆರಡು ತಿಂಗಳೂ. ಕಾಡಂಚಿನ ಬೊಮ್ಮನ ಹಾಡಿಯ ಗಂಡಸರು ವರ್ಷಕ್ಕೊಮ್ಮೆ, ಕುಂಡೆಹಬ್ಬದ ದಿನ, ಹೆಣ್ಣುವೇಷ ಹಾಕಿ ಬುರುಡೆ ಬಡಿಯುತ್ತ ಕೂಲಿ ಕೊಡುವ ಧಣಿಯನ್ನೂ, ಕಾಡಿನ ಗಾರ್ಡನ್ನೂ, ಕೊನೆಗೆ ದೇವರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಸಿಕೊಂಡವನು ಕಾಸು ಕೊಡುವ ತನಕ ಅವನನ್ನು ಬಿಡುವಂತಿಲ್ಲ, ಅವನೂ ಕೈಯೆತ್ತುವಂತಿಲ್ಲ. ಆ ಒಂದು ದಿನ ಬೊಮ್ಮ ತಂಬಾಕು ಹೊಲದ ಧಣಿಯ ಜಗಲಿ ಮುಂದೆ ನಿಂತು ಅವನ ವಂಶವನ್ನೇ ಜಾಲಾಡುವಾಗ ಚಿಕ್ಕಸಿದ್ದಮ್ಮನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ರೆಸಾರ್ಟಿನವರು ಅದನ್ನು ದಿನಾ ಸಂಜೆಯ ಆಟ ಮಾಡಿದ ಮೇಲೆ ಅವೇ ಮಾತುಗಳು ಅಗಿದುಗಿದ ಕಬ್ಬಿನ ಸಿಪ್ಪೆಯಂತಾಗಿದ್ದವು. ಅವಳು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಳು.

ಅಂದು ಬೆಂಕಿಯ ಸುತ್ತ ಬೆಂಗಳೂರಿನ ಹುಡುಗರ ಗುಂಪು. ಬಿಳಿ ಅಂಗಿಯವನೊಬ್ಬನನ್ನು ಗೆಳೆಯರು ಮುಂದಕ್ಕೆ ತಳ್ಳಿದರು.

“ಇವನ ಬರ್ತ್‌ಡೇ ಇವತ್ತು. ಸ್ಪೆಷಲ್ಲಾಗಿ ಬೈ ಮಾಮಾ.”

ಬೊಮ್ಮ ಬುರುಡೆ ಬಡಿದ. “ಲೇ ಬಿಳಿ ಅಂಗಿ ಬೇವರ್ಸಿ, ನಿಮ್ ತಾತ ಕೆರೆ ನುಂಗ್ದ, ನಿಮ್ಮಪ್ಪ ಗುಡ್ಡ ನುಂಗ್ದ. ನೀನು ನಮ್ ಕಾಡ್ನ ನೋಡಾಕ್ ಬಂದಿದ್ದೀಯೋ ನುಂಗಾಕ್ ಬಂದಿದ್ದೀಯೋ?”

ಗುಂಪು ಬಿದ್ದು ಬಿದ್ದು ನಕ್ಕಿತು. “ಅವರಮ್ಮನ್ನೂ ಬೈ,” ಎಂದು ಯಾರೋ ಹುರಿದುಂಬಿಸಿದರು.

“ನೀನು ಹುಟ್ದಾಗ ಸೂಲಗಿತ್ತಿ ಮಗೀನ ಎಸ್ದು ಕಸಾನ ತೊಟ್ಲಿಗಾಕವ್ಳೆ ಕಣ್ಲಾ. ನಿಮ್ಮವ್ವ ಅದನ್ನೇ ಸಾಕವ್ಳೆ.”

ಬಿಳಿ ಅಂಗಿಯವನ ನಗೆ ಅರ್ಧಕ್ಕೆ ನಿಂತಿತು. ಬೊಮ್ಮ ಕಾಸಿಗೆಂದು ಅಂಗೈ ಚಾಚಿದ. ಅವನು ಬೆನ್ನು ತಿರುಗಿಸಿದ. ಬೊಮ್ಮ ಅಂಗಿಯ ಚುಂಗು ಹಿಡಿದೆಳೆದ. “ಕಾಸು ಮಡುಗ್ದೆ ಎಲ್ಲಿಗೋದೀಯ, ಮುಂಡೇಮಗನೆ?”

ಬಿಳಿ ಬಟ್ಟೆಗೆ ಮಸಿ ಮೆತ್ತಿತು. ಅವನು ತಿರುಗಿ ಹೊಟ್ಟೆಗೆ ಒದ್ದ.

ಬೊಮ್ಮ ಬಿದ್ದ. ಬಿದ್ದವನು ನಕ್ಕ. ವೇಷ ಹಾಕಿದವನಿಗೆ ಯಾರೂ ಹೊಡೆಯುವುದಿಲ್ಲ ಎಂಬುದು ಅವನ ತಾತನ ಕಾಲದಿಂದ ಮೈಗೆ ಗೊತ್ತಿದ್ದ ಸಂಗತಿ. ಒದೆಯನ್ನೂ ಆಟವೆಂದೇ ತಿಳಿದು ಎದ್ದುಬಂದು ಮತ್ತೆ ಚುಂಗು ಹಿಡಿದ. “ಇಷ್ಟೇಯೇನ್ಲಾ ನಿನ್ ಕಾಲಿನ ತಾಕತ್ತು? ನನ್ನೆಂಡ್ರು ಇದ್ಕಿಂತ ಚೆಂದಾಗಿ ಒದೀತಾಳೆ.”

ಪಕ್ಕದಲ್ಲಿ ತೆಪ್ಪದ ಹುಟ್ಟು ಮರಕ್ಕೊರಗಿತ್ತು. ಬಿಳಿ ಅಂಗಿಯವನು ಅದನ್ನೆತ್ತಿಕೊಂಡ. ಮೊದಲ ಏಟು ಭುಜಕ್ಕೆ, ಆಮೇಲಿನದು ಬಾಯಿಗೆ. ಉಳಿದ ಗೆಸ್ಟುಗಳು ಇದೂ ಆಟದ್ದೇ ಭಾಗವೆಂದು ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು. ಓಡಿಬಂದ ಚಿಕ್ಕಸಿದ್ದಮ್ಮನ ತುರುಬಿಗೆ ಕಿರಣ್‌ಕುಮಾರ ಕೈಹಾಕಿ ಹಿಂದಕ್ಕೆಳೆದ. “ದೊಡ್ಡೋರ ಮಗ ಕಣೇ ಅವ್ನು. ನಡುವೆ ಹೋದ್ರೆ ನಿಂಗೂ ಬೀಳ್ತದೆ.” ಬುರುಡೆ ಒಡೆದ ಸದ್ದಾದಾಗ ಅದು ಸೊಂಟದ್ದೋ ತಲೆಯದ್ದೋ ಅವಳಿಗೆ ತಿಳಿಯಲಿಲ್ಲ. ಬೊಮ್ಮ ನಗುವುದನ್ನು ನಿಲ್ಲಿಸಿದ ಮೇಲೂ ಹುಟ್ಟು ಏಳುತ್ತ ಬೀಳುತ್ತ ಇತ್ತು.

ಸಫಾರಿ ಜೀಪಿನ ಹಿಂದೆ ಅವನನ್ನು ಮಲಗಿಸುವಾಗ ಕಿರಣ್‌ಕುಮಾರ ಓನರ್ ಜೊತೆ ಫೋನಿನಲ್ಲಿದ್ದ. “ಇನ್ನೂ ಉಸ್ರೈತೆ ಅಣ್ಣ. ಕೋಟೆ ತಾಲೂಕಾಸ್ಪತ್ರೆಗೆ ಹಾಕಿ ಆನೆ ತುಳೀತು ಅಂತ ಬರೆಸ್ತೀನಿ. ದಾರೀಲೇ ಜೀವ ಹೋದ್ರೆ ಇನ್ನೂ ಸಲೀಸು. ಆನೆದಾರೀಲೇ ಎಸ್ದು ಬತ್ತೀನಿ, ಹಂದಿ ನರಿ ನೋಡ್ಕೊಂತವೆ ಬುಡಿ.”

ಅವಳಿಗೆ ಕೇಳಿಸುತ್ತದೆ ಎಂಬುದು ಅವನಿಗೊಂದು ಲೆಕ್ಕವೇ ಆಗಿರಲಿಲ್ಲ.

ಡ್ರೈವರ್ ಸುನೀಲ್ಕುಮಾರ ಗಾಡಿ ಎತ್ತಿದ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಸಿದ್ದಮ್ಮ ಕೂತಳು. ಮುಂದಿನ ಸೀಟಿನಿಂದ ಕಿರಣ್‌ಕುಮಾರ ಪಾಠ ಒಪ್ಪಿಸಿಕೊಂಡ.

“ಡಾಕ್ಟ್ರು ಕೇಳಿದ್ರೆ?”

“ಆನೆ ಸಾರ್.”

“ಎಂಥ ಆನೆ?”

“ಒಂಟಿ ಸಲಗ.”

“ಯಾವಾಗ?”

“ಜೇನಿಗೋದಾಗ.”

“ಜಾಣೆ. ಪರಿಹಾರಾನೂ ಬತ್ತದೆ, ನಾನೇ ಓಡಾಡಿ ಕೊಡಿಸ್ತೀನಿ.”

ಯಾವ ಸಲಗವೂ ಹೀಗೆ ಚಪ್ಪಾಳೆ ತಟ್ಟಿಸಿಕೊಂಡು ಹೊಡೆದದ್ದನ್ನು ಅವಳು ಕಂಡಿರಲಿಲ್ಲ. ಬೊಮ್ಮನ ಎದೆ ಏರಿತು, ಇಳಿಯಿತು. ಮತ್ತೆ ಏರಿ, ಗಂಟಲಲ್ಲಿ ಏನೋ ಕೊಸರಿ, ಇಳಿಯಿತು. ಮುಂದಿನ ಉಸಿರಿಗಾಗಿ ಅವಳು ಅಂಗೈಯಿಟ್ಟು ಕಾದಳು. ಬರಲಿಲ್ಲ. ಇನ್ನೂ ಕಾದಳು.

ರಸ್ತೆಯ ಬದಿಯಲ್ಲಿ ಆನೆದಾರಿಯ ಹಳದಿ ಬೋರ್ಡು ಜೀಪಿನ ಬೆಳಕಿಗೆ ಕಂಡಿತು. ಸುನೀಲ್ಕುಮಾರ ವೇಗ ತಗ್ಗಿಸಿದ. ಕಿರಣ್‌ಕುಮಾರ ಹಿಂದಕ್ಕೆ ತಿರುಗಿದ.

“ಹೆಂಗವ್ನೆ?”

ಹೊಟ್ಟೆಯ ತಳದಿಂದ ಎದ್ದುಬಂದ ಕೂಗು ಹಲ್ಲಿನವರೆಗೂ ಬಂದಿತ್ತು. ಮೀನಿನ ಮುಳ್ಳು ನುಂಗಿದ ಹಾಗೆ ಅದನ್ನವಳು ಒಳಕ್ಕೆ ನುಂಗಿದಳು.

“ನರಳ್ತಾವ್ನೆ ಸಾರ್. ನೀರು ಕೇಳ್ತಾವ್ನೆ.”

ಅವನು ಬಾಟಲಿ ಚಾಚಿದ. ಅವಳು ಹನಿಸಿದ ನೀರು ಬೊಮ್ಮನ ತುಟಿಯ ಈ ಕಡೆಯಿಂದ ಹೋಗಿ ಆ ಕಡೆಯಿಂದ ಮಸಿಯೊಡನೆ ಅವಳ ತೊಡೆಗಿಳಿಯಿತು.

“ಇನ್ನೊಂದ್ ಗುಟುಕು ಕುಡಿ. ಊಂ, ಸಾಕು. ಮಾತಾಡ್ಬ್ಯಾಡ ಸುಮ್ಕಿರು,” ಎಂದಳು, ಅವನೇನೋ ಅಂದನೆಂಬಂತೆ.

ಬೋರ್ಡು ಹಿಂದೆ ಸರಿಯಿತು. ಕೋಟೆಯ ಆಸ್ಪತ್ರೆಯ ಬಾಗಿಲಲ್ಲಿ ಈ ಹೊತ್ತಿಗೂ ಜನವಿರುತ್ತದೆ. ಟೀ ಅಂಗಡಿಯವರು, ಹೆರಿಗೆಗೆ ಬಂದವರ ಕಡೆಯವರು. ಅವರ ಕಣ್ಣೆದುರು, ಬೆಳಕಿನಲ್ಲಿ, ಈ ಸೀರೆಯಲ್ಲೇ ಇವನನ್ನು ಇಳಿಸಬೇಕು. ಸೀರೆಯುಟ್ಟು ಯಾವ ಗಂಡಸೂ ಜೇನಿಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಇವನು ಸಾಯುವಂತಿಲ್ಲ.

ಕನ್ನಡಿಯಲ್ಲಿ ಸುನೀಲ್ಕುಮಾರನ ಕಣ್ಣು ಅವಳನ್ನೇ ನೋಡುತ್ತಿತ್ತು. “ಅಕ್ಕಾ, ಉಸ್ರು...”

“ಐತೆ ಕಣಪ್ಪ. ಓಡ್ಸು.”

ಜೋತುಬಿದ್ದಿದ್ದ ಬೊಮ್ಮನ ತೋಳನ್ನೆತ್ತಿ, ಅವನೇ ಹಿಡಿದುಕೊಂಡಂತೆ ಕಾಣಲೆಂದು, ಅವಳು ತನ್ನ ಕೊರಳಿಗೆ ಸುತ್ತಿಕೊಂಡಳು.