ಪಕ್ಕದ ಸೀಟಿನ ಬ್ರೇಕ್

ಗ್ಯಾರೇಜು ಮುಚ್ಚುವುದರೊಳಗೆ ದೋಷ ಸಿಗದಿದ್ದರೆ ಕಾರನ್ನು ಮೈದುನ ಮಾರಿಬಿಡುವುದು ಎಂದು ಬೆಳಿಗ್ಗೆ ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಹೂಂ ಎಂದಿದ್ದೆ. ಗಂಡ ಹೋದ ಮೇಲೆ ಹೆಚ್ಚಿನದಕ್ಕೆಲ್ಲ ಹೂಂ ಎನ್ನುತ್ತಿದ್ದೆ. ಕಾರಿಲ್ಲದೆ ಸುರಂಗದ ಆಚೆಯ ಕಾಲೇಜಿಗೆ ಪಾಠ ಮಾಡಲು ಹೋಗುವಂತಿಲ್ಲ. ಕೆಲಸ ಹೋದರೆ ಬಾಡಿಗೆ ಮನೆ ಬಿಟ್ಟು, ಅತ್ತೆ ಇರುವ ಮೈದುನನ ಮನೆಯ ಹಿಂದಿನ ಕೋಣೆ ಸೇರಬೇಕು. ಇದೆಲ್ಲ ಹೂಂ ಎಂದಾದ ಮೇಲೆ ಹೊಳೆಯಿತು.

ಹೋದ ವಾರ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವಾಗ ಸುರಂಗದ ನಡುವೆ ಹೆಡ್‌ಲೈಟು ಆರಿತ್ತು. ಕತ್ತಲಾದರೆ ತಾನೇ ಹೊತ್ತಿ, ಬೆಳಕಾದರೆ ತಾನೇ ಆರುವ ದೀಪ ಅದು. ಎದುರಿನ ಲಾರಿ ಹಾರ್ನ್ ಹೊಡೆದಾಗ ಸ್ವಿಚ್ಚು ತಿರುಗಿಸಿ ಹೊತ್ತಿಸಿದೆ. ಅಷ್ಟರಲ್ಲಿ ಅತ್ತೆ ಕಿರುಚಿ ಆಗಿತ್ತು.

ಗ್ಯಾರೇಜಿನ ಎಲೆಕ್ಟ್ರಿಷಿಯನ್ ಯಾವಾಗಲೂ ಕೊರಳಿಗೆ ವೋಲ್ಟ್ ಮೀಟರ್ ನೇತುಹಾಕಿಕೊಂಡಿರುತ್ತಾರೆ. ಎಲ್ಲರಿಗೂ ಅವರು ಮೀಟರ್ ಮಾಮ. ಮುಂಗಾಜಿನ ಬುಡದಲ್ಲಿ ಬಟಾಣಿಯಷ್ಟು ಕಪ್ಪು ಉಬ್ಬೊಂದಿತ್ತು. ಅದೇ ಬೆಳಕು ನೋಡುವ ಸೆನ್ಸರ್. ಮಾಮ ಅದರ ವೈರಿಗೆ ಮೀಟರ್ ಕೊಟ್ಟು, ಮೇಲೆ ತಮ್ಮ ಟೋಪಿ ಮುಚ್ಚಿದರು. ವೋಲ್ಟ್ ಇಳಿಯಿತು, ದೀಪ ಹೊತ್ತಿತು. ಟೋಪಿ ತೆಗೆದರು. ವೋಲ್ಟ್ ಏರಿತು, ದೀಪ ಆರಿತು. ವೈರು ಅಲ್ಲಾಡಿಸಿದರು, ಡ್ಯಾಶ್‌ಬೋರ್ಡ್ ಗುದ್ದಿದರು. ಎಲ್ಲ ಸರಿಯಾಗಿಯೇ ಇತ್ತು.

"ಎಂಥಾ ರೋಗಿಯೂ ಡಾಕ್ಟರ ಮುಂದೆ ಚೆನ್ನಾಗೇ ಇರ್ತಾನೆ ನೋಡಿ" ಎಂದವರು, ನನ್ನ ಮುಖ ನೋಡಿ ಮತ್ತೆ ಮೀಟರಿನತ್ತ ಬಗ್ಗಿದರು.

ಮೈದುನ ಫೋನು ಕಿವಿಯಿಂದ ಇಳಿಸಿದ. "ಅತ್ತಿಗೆ, ತಗೊಳ್ಳೋರು ಹೊರಟಿದ್ದಾರಂತೆ. ಸುಮ್ನೆ ಯಾಕೆ ಹಟ?"

"ಆಟೋಮ್ಯಾಟಿಕ್ಕೇ ಬೇಡ ಬಿಡ್ರಿ. ಕೈಯಲ್ಲೇ ಹಾಕ್ಕೊಂಡು ಓಡಿಸ್ಲಿ" ಎಂದರು ಮಾಮ.

"ಒಂದಿನ ಮರೆತರೆ? ಒಂದು ಸಾವು ಸಾಲ್ದಾ ನಮ್ಮನೆಗೆ?"

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ ನೆಲ ನೋಡಿದರು.

ಮಾಮ ನನ್ನ ಕಡೆ ತಿರುಗಿದರು. "ಮೇಡಂ, ದಿನಾ ಓಡಾಡೋ ದಾರಿ. ಅವತ್ತು ಮಾತ್ರ ಏನು ಬೇರೆ ಇತ್ತು?"

ಅತ್ತೆ ಪಕ್ಕದಲ್ಲಿದ್ದರು. ಅಷ್ಟೇ ಬೇರೆ. ಮುಂದಿನ ಗಾಡಿ ನಿಧಾನವಾದಾಗೆಲ್ಲ ಅವರು ಬಲಗಾಲಿನಿಂದ ನೆಲ ಒತ್ತುತ್ತಾರೆ. "ಅಮ್ಮನ ಕಡೆಗೂ ಒಂದು ಬ್ರೇಕ್ ಇದೆ" ಎಂದು ನನ್ನ ಗಂಡ ನಗುತ್ತಿದ್ದರು. ಅವತ್ತು ಸುರಂಗದಲ್ಲಿ ಆ ಕಾಲು ಮೇಲೆ ಎದ್ದೇ ಇರಲಿಲ್ಲ.

ಬಾಯಿಬಿಟ್ಟು ಹೇಳಿದರೆ, ದೀಪ ಆರಿಸಿದ್ದು ನೀವೇ ಎಂದು ಮಗನ ಮುಂದೆ ಅವರನ್ನು ನಿಲ್ಲಿಸಿದಂತೆ. ಮೈದುನನ ಫೋನು ಮತ್ತೆ ಬಡಿದುಕೊಂಡಿತು. "ಹಾಂ, ಅದೇ ತಿರುವು, ಬನ್ನಿ ಬನ್ನಿ."

"ಅತ್ತೆ, ಸ್ವಲ್ಪ ಕಾರಲ್ಲಿ ಕೂತ್ಕೊಳ್ತೀರಾ?"

"ನಾನ್ಯಾಕೆ? ನಾನೇನು ಫ್ಯೂಸಾ?"

"ಭಾರ ಇಟ್ಟು ನೋಡಬೇಕು."

ಗೊಣಗಿಕೊಂಡೇ ಬಂದು ಕೂತರು. ಮಾಮ ಮೀಟರ್ ಹಿಡಿದು ಹಿಂದಿನ ಸೀಟಿಗೆ ಹತ್ತಿದರು. ಸೆನ್ಸರ್ ಮೇಲೆ ಟೋಪಿ ಇಟ್ಟು ಎಂಜಿನ್ ಚಾಲೂ ಮಾಡಿದೆ. ಎದುರಿನ ಗೋಡೆಯ ಮೇಲೆ ಎರಡು ಹಳದಿ ವೃತ್ತ ಬಿದ್ದವು. ಕದಲಲಿಲ್ಲ. ಅತ್ತೆಯ ಕಾಲು ಮ್ಯಾಟಿನ ಮೇಲೆ ಹಗುರವಾಗಿತ್ತು. ನಿಂತ ಗಾಡಿಯಲ್ಲಿ ಭಯವೆಲ್ಲಿಂದ ಬರಬೇಕು?

ಹ್ಯಾಂಡ್‌ಬ್ರೇಕ್ ಇಳಿಸಿ ಗೋಡೆಯತ್ತ ಕಾರು ಬಿಟ್ಟೆ.

"ಏಯ್, ಗೋಡೆ!" ಎಂದರು ಅತ್ತೆ. "ಅತ್ತಿಗೆ!" ಎಂದು ಮೈದುನ ಓಡಿ ಬಂದ. ವೃತ್ತಗಳು ಚಿಕ್ಕವಾಗುತ್ತ ಹತ್ತಿರ ಬಂದವು. ನಾನು ನಿಲ್ಲಿಸಲಿಲ್ಲ. ಗೋಡೆಯ ಇಟ್ಟಿಗೆ ಒಂದೊಂದೇ ಕಾಣುವಷ್ಟು ಹತ್ತಿರವಾದಾಗ ಅತ್ತೆಯ ಕಾಲು ಇಡೀ ದೇಹದ ಬಲ ಹಾಕಿ ನೆಲ ಒತ್ತಿತು.

ವೃತ್ತಗಳು ಆರಿದವು. ಆಗ ಬ್ರೇಕ್ ಹಾಕಿದೆ.

"ವೋಲ್ಟ್ ಏರಿತು!" ಮಾಮ ಕೂಗಿದರು. "ಟೋಪಿ ಮುಚ್ಚೇ ಇದೆ, ಸೆನ್ಸರ್ ನಡುಮಧ್ಯಾಹ್ನ ಅಂತಿದೆ!" ಮುಂದೆ ಬಗ್ಗಿ ನೋಡಿದರು. "ಅಮ್ಮಾ, ಕಾಲು ತೆಗೀರಿ."

ಗೋಡೆ ಬೆಳಗಿತು.

"ಒತ್ತಿ."

ಗೋಡೆ ಕಪ್ಪಾಯಿತು.

ಮಾಮ ಇಳಿದು ಬಂದು, ಅತ್ತೆಗೆ ಕಾಲು ಬದಿಗೆ ಸರಿಸಲು ಹೇಳಿ ಮ್ಯಾಟ್ ಎತ್ತಿದರು. ಸೆನ್ಸರಿನ ಅರ್ಥಿಂಗ್ ವೈರನ್ನು ಕಾರಿನ ಕಬ್ಬಿಣಕ್ಕೆ ಕೂರಿಸಿದ ಸ್ಕ್ರೂ ತುಕ್ಕು ಹಿಡಿದು ಸಡಿಲವಾಗಿತ್ತು. ಪಕ್ಕದ ತಗಡು ಒತ್ತಿದರೆ ವೈರು ಕೂದಲೆಳೆಯಷ್ಟು ಮೇಲೇಳುತ್ತಿತ್ತು, ವೋಲ್ಟ್ ಏರಿ ಕಾರಿಗೆ ಹಗಲಾಗುತ್ತಿತ್ತು. ಉಜ್ಜಿ, ಹೊಸ ಸ್ಕ್ರೂ ಹಾಕಿ ಬಿಗಿದರು.

"ದೊಡ್ಡವನು ಓಡಿಸುವಾಗಲೂ ಒತ್ತುತ್ತಿದ್ದೆನಲ್ಲ" ಎಂದರು ಅತ್ತೆ, ಯಾರಿಗೋ ಎಂಬಂತೆ. ತಮ್ಮ ಕಾಲು ನೋಡಿಕೊಂಡು, "ಇಷ್ಟು ಗಟ್ಟಿಯಾಗಿ ಒತ್ತಿರಲಿಲ್ಲ ಬಿಡು" ಎಂದರು.

ಗೇಟಿನ ಹತ್ತಿರ ಗಾಡಿಯೊಂದು ನಿಂತಿತು. ಮೈದುನ ಆ ಕಡೆ ಹೆಜ್ಜೆ ಹಾಕಿದ.

"ಕಾರು ಕೊಡಲ್ಲ ಅಂತ ಹೇಳಿ ಕಳಿಸು" ಎಂದರು ಅತ್ತೆ.

"ಅಮ್ಮಾ, ಇವತ್ತು ಇದು, ನಾಳೆ ಇನ್ನೊಂದು ಕೆಡುತ್ತೆ..."

"ಕೆಟ್ಟಿದ್ದು ನನ್ನ ಕಾಲು ಕಣೋ. ಅದನ್ನೂ ಮಾರ್ತೀಯಾ?"

ಅತ್ತೆ ಸೀಟಿನಿಂದ ಇಳಿಯಲೇ ಇಲ್ಲ. ಸೆರಗು ಸರಿಮಾಡಿಕೊಂಡು ಬೆಲ್ಟು ಎಳೆದುಕೊಂಡರು. "ನಡಿ, ಸುರಂಗದ ತನಕ ಹೋಗಿಬರೋಣ. ಬಿಗಿದದ್ದು ನಿಂತಿದೆಯಾ ನೋಡ್ಬೇಕು."

ಒಳಹೊಕ್ಕಾಗ ದೀಪ ತಾನೇ ಹೊತ್ತಿತು. ನಡುವೆ ಬಂದಾಗ ಅತ್ತೆ ಬೇಕೆಂದೇ ಒತ್ತಿದರು, ಆಮೇಲೆ ಎದುರಿಗೆ ಲಾರಿ ಕಂಡು ನಿಜವಾಗಿಯೂ ಒತ್ತಿದರು. ಬೆಳಕು ರಸ್ತೆ ಬಿಡಲಿಲ್ಲ.

"ನಿಧಾನ" ಎಂದರು.

ಹೂಂ ಎಂದೆ. ಅದೇ ವೇಗದಲ್ಲಿ ಹೋದೆ.